ಸಕ್ಕರೆ ಬಿಟ್ಟವರು

ನಾನೊಬ್ಬ ಕೊಳ್ಳದಿದ್ದರೆ ಏನಾಗುತ್ತೆ ಮಹಾ? ಈ ಪ್ರಶ್ನೆ ಮಾಲ್‌ಗಳ ಕಾಲದ್ದು ಅಂದುಕೊಂಡರೆ ತಪ್ಪು. ಇದಕ್ಕೆ ಇನ್ನೂರು ವರ್ಷ ದಾಟಿದೆ.

1791ರಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಪ್ರಸ್ತಾಪವನ್ನು ಬ್ರಿಟಿಷ್ ಪಾರ್ಲಿಮೆಂಟು ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸ್ ಒಂದು ಕರಪತ್ರ ಬರೆದ. ಕೆರಿಬಿಯನ್ ದ್ವೀಪಗಳ ಸಕ್ಕರೆ ಕೊಳ್ಳುವವನೂ ಆ ಪಾಪದಲ್ಲಿ ಪಾಲುದಾರ ಅನ್ನೋದು ಅವನ ವಾದ. ಸುಮಾರು ಮೂರು ಲಕ್ಷ ಜನ ಸಕ್ಕರೆ ಬಿಟ್ಟರೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. ವೋಟೇ ಇಲ್ಲದ ಹೆಂಗಸರಿಗೆ ಅಡುಗೆಮನೆಯೇ ಮತಗಟ್ಟೆಯಾಯ್ತು. 1820ರ ದಶಕದಲ್ಲಿ ಎಲಿಜಬೆತ್ ಹೇರಿಕ್ ಲೆಸ್ಟರ್ ಊರಲ್ಲಿ ಮನೆಮನೆ ತಿರುಗಿ ಸಕ್ಕರೆ ಬಿಡಿಸಿದಳು.

ನನ್ನನ್ನು ಕಾಡೋದು ಇನ್ನೊಂದು ವಿಷಯ. ಗುಲಾಮರು ಮಾಡಿದ್ದಲ್ಲ, ಈಸ್ಟ್ ಇಂಡಿಯಾ ಸಕ್ಕರೆ ಎಂದು ಬರೆದ ಬಟ್ಟಲುಗಳೂ ಮಾರಾಟಕ್ಕೆ ಬಂದವು. ಅಂದರೆ ನಮ್ಮ ಕಡೆಯ ಸಕ್ಕರೆ! ಇಲ್ಲಿ ಕಬ್ಬು ಕಡಿದವನಿಗೆ ಎಷ್ಟು ಕೂಲಿ ಸಿಕ್ತು ಅಂತ ಬಟ್ಟಲಿನ ಮೇಲೆ ಬರೆದಿರಲಿಲ್ಲ. ಮೌಲ್ಯಕ್ಕೂ ಆಗಲೇ ಲೇಬಲ್ ಬಿದ್ದಿತ್ತು.

ಸಕ್ಕರೆ ಬಿಟ್ಟಿದ್ದರಿಂದಲೇ ಗುಲಾಮಗಿರಿ ಹೋಗಲಿಲ್ಲ. 1831ರಲ್ಲಿ ಜಮೈಕಾದ ಗುಲಾಮರೇ ದಂಗೆ ಎದ್ದರು, ಬ್ರಿಟನ್ನಿನಲ್ಲಿ ಜನ ಅರ್ಜಿಗಳಿಗೆ ಸಹಿ ಹಾಕಿದರು, 1833ರಲ್ಲಿ ಕಾಯ್ದೆ ಬಂತು. ಆಗಲೂ ಪರಿಹಾರದ 2 ಕೋಟಿ ಪೌಂಡ್ ಹೋಗಿದ್ದು ಮಾಲೀಕರ ಜೇಬಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ.

ಬೀಡ್ ಜಿಲ್ಲೆಯಿಂದ ಗುಳೆ ಬಂದವರು ಇವತ್ತಿಗೂ ನಮ್ಮ ಗಡಿ ಜಿಲ್ಲೆಗಳಲ್ಲಿ ಕಬ್ಬು ಕಡೀತಾರೆ. ನಾನು ಸಕ್ಕರೆ ಬಿಟ್ಟು ಸುಮ್ಮನೆ ಕೂತರೆ ನನ್ನ ಶುಗರ್ ಇಳಿಯಬಹುದು. ಅವರ ಕೂಲಿ ಏರಬೇಕಾದರೆ ಬಾಯಿಯನ್ನೂ ಬಿಡಬೇಕು.