ಒಂದು ಮೈದಾನ, ಮೂರು ಸಂಭ್ರಮ: ದೆಹಲಿಯ ಕ್ರೀಡಾಕೂಟಗಳು ಮತ್ತು ಆತಿಥೇಯರ ಉತ್ಸಾಹ (1951, 1982, 2010)

ದೊಡ್ಡ ಅಂತರರಾಷ್ಟ್ರೀಯ ಕ್ರೀಡಾಕೂಟವೊಂದು ನಮ್ಮ ನೆಲದಲ್ಲೇ ನಡೆದಾಗ ಜನ ಸಂಭ್ರಮಿಸುವುದು ಯಾವುದಕ್ಕೆ? ಗೆಲುವಿಗೆ ಎಂಬ ಸುಲಭದ ಉತ್ತರ ದೆಹಲಿಯ ಮಟ್ಟಿಗೆ ನಿಲ್ಲುವುದಿಲ್ಲ. 1951ರಲ್ಲಿ ಅಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ 15 ಚಿನ್ನ ಗೆದ್ದು ಜಪಾನಿನ ನಂತರದ ಸ್ಥಾನ ಪಡೆಯಿತು. 1982ರಲ್ಲಿ ಗೆದ್ದದ್ದು 13 ಚಿನ್ನ, ಸಿಕ್ಕಿದ್ದು ಐದನೇ ಸ್ಥಾನ. ಸಾಧನೆಯೇ ಅಳತೆಗೋಲಾಗಿದ್ದರೆ 1951 ನಮ್ಮ ನೆನಪಿನಲ್ಲಿ ದೊಡ್ಡದಾಗಿ ಉಳಿಯಬೇಕಿತ್ತು. ಆದರೆ ಐವತ್ತು ದಾಟಿದ ಯಾರನ್ನು ಕೇಳಿದರೂ ‘ಏಷ್ಯಾಡ್’ ಎಂದರೆ 1982, ಕೂಟದ ಲಾಂಛನವಾದ ಮರಿಯಾನೆ ಅಪ್ಪು, ಬಣ್ಣದ ಟಿವಿ. 1951 ಕ್ರೀಡಾ ಇತಿಹಾಸಕಾರರ ಪಾಲಿಗಷ್ಟೇ ಉಳಿದಿದೆ.

ಗುಂಪಾಗಿ ಸೇರಿದಾಗ ಉಕ್ಕುವ ಹುರುಪಿನ ಬಗ್ಗೆ ಎಮಿಲ್ ಡರ್ಕೈಮ್ 1912ರಲ್ಲೇ ಬರೆದ. ಡೇನಿಯಲ್ ದಯಾನ್ ಮತ್ತು ಎಲಿಹು ಕಾಟ್ಜ್ 1992ರ ತಮ್ಮ ಅಧ್ಯಯನದಲ್ಲಿ ಇನ್ನೊಂದು ಮಾತು ಸೇರಿಸಿದರು. ನೇರ ಪ್ರಸಾರದ ಕಾಲದಲ್ಲಿ ಹುರುಪು ಹುಟ್ಟಲು ಜನ ಒಂದೆಡೆ ಸೇರಬೇಕಿಲ್ಲ, ಮನೆಮನೆಯಲ್ಲಿ ಅದೇ ಗಳಿಗೆಗೆ ಅದನ್ನೇ ನೋಡುತ್ತಿದ್ದರೆ ಸಾಕು. ಇವೆರಡೂ ಉಪಯುಕ್ತ, ಆದರೆ ಆತಿಥೇಯರ ಉತ್ಸಾಹದ ವಿಶೇಷವನ್ನು ಮುಟ್ಟುವುದಿಲ್ಲ. ಈ ಲೇಖನದ ವಾದ ಹೀಗಿದೆ. ಆತಿಥೇಯ ದೇಶದ ಜನ ಆಟವನ್ನು ನೋಡುವುದಕ್ಕಿಂತ ಹೆಚ್ಚಾಗಿ, ಹೊರಗಿನವರು ತಮ್ಮನ್ನು ನೋಡುತ್ತಿರುವುದನ್ನು ನೋಡುತ್ತಾರೆ. ಆ ಅರಿವನ್ನು ಹರಡುವ ಮಾಧ್ಯಮ ಬದಲಾದಂತೆ ಸಂಭ್ರಮದ ಅಳತೆಯೂ ಬದಲಾಗುತ್ತದೆ, ಅದಕ್ಕಾಗಿ ಕಣ್ಮರೆ ಮಾಡಬೇಕಾದದ್ದೂ ಹೆಚ್ಚುತ್ತದೆ. ಪರಿಶೀಲನೆಗೆ ದೆಹಲಿಯ ನ್ಯಾಷನಲ್ ಸ್ಟೇಡಿಯಂ ಅನುಕೂಲ ಒದಗಿಸುತ್ತದೆ. ಮೂರೂ ಕೂಟಗಳ ಮುಖ್ಯ ಗಳಿಗೆಗಳು ಅಲ್ಲಿ ನಡೆದಿವೆ.

ಇರ್ವಿನ್ ಆಂಫಿಥಿಯೇಟರಿನಿಂದ ಮೊದಲ ಏಷ್ಯಾಡ್‌ವರೆಗೆ

ಭಾವನಗರದ ಮಹಾರಾಜರ ಹಣದಿಂದ 1933ರಲ್ಲಿ ಕಟ್ಟಿದ ಈ ಕ್ರೀಡಾಂಗಣಕ್ಕೆ ಮೊದಲಿದ್ದ ಹೆಸರು ಇರ್ವಿನ್ ಆಂಫಿಥಿಯೇಟರ್. 1951ರ ಕೂಟಕ್ಕೆ ಮುನ್ನ ಅದು ನ್ಯಾಷನಲ್ ಸ್ಟೇಡಿಯಂ ಆಯಿತು. ಏಷ್ಯನ್ ಕ್ರೀಡಾಕೂಟದ ಕಲ್ಪನೆಗೆ ಬೆನ್ನೆಲುಬಾದವರು ಗುರುದತ್ತ ಸೋಂಧಿ. ಕೂಟವನ್ನು ನಿಜಕ್ಕೂ ನಡೆಸಿ ತೋರಿಸಿದವರು ಆ್ಯಂಟನಿ ಡಿಮೆಲ್ಲೊ. 1950ಕ್ಕೆ ಎಂದುಕೊಂಡಿದ್ದ ಕೂಟ ಒಂದು ವರ್ಷ ಮುಂದೆ ಹೋಗಿ 1951ರ ಮಾರ್ಚ್ 4ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡಿತು. ಬಂದದ್ದು 11 ದೇಶಗಳು, ಕ್ರೀಡಾಪಟುಗಳು ಐನೂರರ ಒಳಗೆ. 1948ರ ಲಂಡನ್ ಒಲಿಂಪಿಕ್ಸ್‌ಗೆ ಪ್ರವೇಶವಿಲ್ಲದಿದ್ದ ಜಪಾನನ್ನು ದೆಹಲಿ ಬರಮಾಡಿಕೊಂಡಿತು. ಪಾಕಿಸ್ತಾನ ಬರಲಿಲ್ಲ.

ದೇಶದಲ್ಲಿ ಆಗ ಆಹಾರದ ಅಭಾವ. ಕ್ರೀಡಾಂಗಣದ ಮಗ್ಗುಲಲ್ಲೇ ಇರುವ ಪುರಾಣ ಕಿಲಾ ಕೆಲವೇ ವರ್ಷಗಳ ಹಿಂದೆ ನಿರಾಶ್ರಿತರ ಶಿಬಿರವಾಗಿತ್ತು. ಬಡತನವನ್ನು ಮರೆಮಾಚುವ ಪ್ರಶ್ನೆ ಏಳಲಿಲ್ಲ, ಬಂದ ಅತಿಥಿಗಳೂ ಅದೇ ಸ್ಥಿತಿಯ ದೇಶಗಳಿಂದ ಬಂದವರು. ಮೇವಾಲಾಲ್ ಅವರ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಫುಟ್‌ಬಾಲ್ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಆದರೆ ಬೆಂಗಳೂರಿನಲ್ಲಿ ಆಗ ಆಕಾಶವಾಣಿ ನಿಲಯವೇ ಇರಲಿಲ್ಲ, ಅದು ಬಂದದ್ದು 1955ರಲ್ಲಿ. ಮೈಸೂರು, ಧಾರವಾಡಗಳ ನಿಲಯಗಳು ಮತ್ತು ಮರುದಿನದ ಪತ್ರಿಕೆ, ಇಷ್ಟೇ ಕನ್ನಡಿಗರಿಗೆ ಇದ್ದ ದಾರಿ. ಸಂಭ್ರಮ ಕ್ರೀಡಾಂಗಣದ ಮೆಟ್ಟಿಲುಗಳಲ್ಲಿ ಹುಟ್ಟಿ ಬಹುಪಾಲು ಅಲ್ಲೇ ಮುಗಿಯಿತು. ಅದನ್ನು ಮನೆಗೆ ಹೊತ್ತೊಯ್ಯುವ ಸಾಧನ ಇರಲಿಲ್ಲ.

1982: ಮನೆಯೊಳಕ್ಕೆ ಬಂದ ಕೂಟ

ಒಂಬತ್ತನೇ ಏಷ್ಯಾಡ್‌ನ ಆತಿಥ್ಯ ದೆಹಲಿಗೆ ದಕ್ಕಿದ್ದು 1976ರಲ್ಲಿ. ಮುಂದಿನ ವರ್ಷ ಅಧಿಕಾರಕ್ಕೆ ಬಂದ ಜನತಾ ಸರ್ಕಾರಕ್ಕೆ ಇದರಲ್ಲಿ ಹುಮ್ಮಸ್ಸು ಇರಲಿಲ್ಲ. ಇಂದಿರಾ ಗಾಂಧಿ 1980ರಲ್ಲಿ ಮರಳಿದ ಮೇಲೆ ಕೆಲಸ ಓಡಿತು. ಬೂಟಾ ಸಿಂಗ್ ಸಂಘಟನಾ ಸಮಿತಿಯ ಹೊಣೆ ಹೊತ್ತರು, ಹೊಸದಾಗಿ ಸಂಸತ್ತಿಗೆ ಬಂದಿದ್ದ ರಾಜೀವ್ ಗಾಂಧಿ ಮುಂದೆ ನಿಂತರು. ಜವಾಹರಲಾಲ್ ನೆಹರು ಕ್ರೀಡಾಂಗಣ, ಇಂದ್ರಪ್ರಸ್ಥ ಒಳಾಂಗಣ, ರಾಜ್ ರೇವಲ್ ವಿನ್ಯಾಸದ ಕ್ರೀಡಾಗ್ರಾಮ, ಸಾಲುಸಾಲು ಮೇಲ್ಸೇತುವೆಗಳು ಎರಡು ವರ್ಷಗಳ ಆಸುಪಾಸಿನಲ್ಲಿ ಎದ್ದವು. ಬೀಗರು ಬರುವ ದಿನ ಹತ್ತಿರವಾದಾಗ ಮನೆಗೆ ಸುಣ್ಣ ಬಳಿಯುವ ಧಾವಂತ ಇಡೀ ನಗರಕ್ಕೆ ಹಿಡಿದಿತ್ತು.

ಈ ಧಾವಂತ ದೆಹಲಿಯೊಂದರದೇ ಆಗಿದ್ದರೆ 1951ರ ಕಥೆಯೇ ಮರುಕಳಿಸುತ್ತಿತ್ತು. ಬದಲಾವಣೆ ತಂದದ್ದು ದೂರದರ್ಶನ. 1982ರ ಆಗಸ್ಟ್ 15ರಂದು ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು, ಬಣ್ಣದ ಪ್ರಸಾರವೂ ಆ ವರ್ಷವೇ ಬಂತು. ಬಣ್ಣದ ಟಿವಿ ತರಿಸಿಕೊಳ್ಳಲು ಆಮದು ನಿಯಮಗಳನ್ನು ಸಡಿಲಿಸಲಾಯಿತು. ಈ ಕಥೆಯಲ್ಲಿ ಹಾಸನಕ್ಕೂ ಒಂದು ಪಾತ್ರವಿದೆ. ಏಪ್ರಿಲ್‌ನಲ್ಲಿ ಕಕ್ಷೆಗೇರಿದ ಇನ್ಸಾಟ್-1ಎ ಉಪಗ್ರಹವನ್ನು ನಿಯಂತ್ರಿಸುತ್ತಿದ್ದದ್ದು ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ. ಕೂಟಕ್ಕೆ ಎರಡೂವರೆ ತಿಂಗಳು ಇರುವಾಗ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಆ ಉಪಗ್ರಹ ಕೈತಪ್ಪಿತು. ಪ್ರಸಾರ ಬದಲಿ ವ್ಯವಸ್ಥೆಯ ಮೇಲೆ ನಡೆಯಿತು. ನೋಡುಗರಿಗೆ ಇದ್ಯಾವುದೂ ತಿಳಿಯದಂತೆ ನಡೆಯಿತು ಎಂಬುದು ಎಂಜಿನಿಯರುಗಳ ಹೆಗ್ಗಳಿಕೆ.

ಬೆಂಗಳೂರು ದೂರದರ್ಶನಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಟಿವಿ ಇದ್ದ ಮನೆಯ ಹಜಾರಕ್ಕೆ ಅಕ್ಕಪಕ್ಕದವರೆಲ್ಲ ಬಂದು ಚಾಪೆಯ ಮೇಲೆ ಕೂರುವುದು ಆ ಕಾಲದ ರೂಢಿ. ನವೆಂಬರ್ 19ರಂದು, ಇಂದಿರಾ ಗಾಂಧಿಯವರ ಹುಟ್ಟುಹಬ್ಬದಂದೇ, ರವಿಶಂಕರ್ ಸ್ವರ ಸಂಯೋಜನೆಯ ಸ್ವಾಗತಗೀತೆಯೊಂದಿಗೆ ಕೂಟ ತೆರೆದುಕೊಂಡಿತು. ಕೇರಳದಿಂದ ತರಿಸಿದ ಆನೆಗಳು ಮೈದಾನದಲ್ಲಿ ಸಾಗಿದವು. ಆ ಹೊತ್ತಿಗೆ ಆತಿಥೇಯರಾದವರು ದೆಹಲಿಯವರಷ್ಟೇ ಅಲ್ಲ, ಚಾಪೆಯ ಮೇಲೆ ಕೂತವರೂ ಆತಿಥೇಯರಾದರು. ತಮ್ಮ ಊರಿನಿಂದ ಸಾವಿರಾರು ಕಿಲೋಮೀಟರ್ ದೂರದ ಮೇಲ್ಸೇತುವೆಯ ಬಗ್ಗೆ ಹೆಮ್ಮೆ ಪಡಲು ಅವರಿಗೆ ಕಾರಣ ಸಿಕ್ಕಿತು. 33 ದೇಶಗಳು ಬಂದಿವೆ, ಅವರೆಲ್ಲ ನೋಡುತ್ತಿದ್ದಾರೆ, ನಾವು ಚೆನ್ನಾಗಿ ಕಾಣುತ್ತಿದ್ದೇವೆ. ಚೀನಾ 61 ಚಿನ್ನ ಗೆದ್ದು ಜಪಾನಿನ ಮೂರು ದಶಕಗಳ ಪಾರಮ್ಯ ಮುರಿದದ್ದೇ ಕ್ರೀಡಾ ದೃಷ್ಟಿಯಿಂದ ಆ ಕೂಟದ ದೊಡ್ಡ ಸುದ್ದಿ. ನಮ್ಮವರ ನೆನಪಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಡಿಸೆಂಬರ್ 1ರ ಹಾಕಿ ಫೈನಲ್ ಈ ಉತ್ಸಾಹದ ಒಳಗುಟ್ಟನ್ನು ಬಯಲಿಗೆಳೆಯಿತು. ನ್ಯಾಷನಲ್ ಸ್ಟೇಡಿಯಂ, ಎದುರಾಳಿ ಪಾಕಿಸ್ತಾನ, ಗ್ಯಾಲರಿಯಲ್ಲಿ ಪ್ರಧಾನಿ. ಭಾರತದ ಜಫರ್ ಇಕ್ಬಾಲ್ ಆರಂಭದಲ್ಲೇ ಪೆನಾಲ್ಟಿ ಸ್ಟ್ರೋಕ್‌ನಿಂದ ಗೋಲು ಹೊಡೆದರು. ಆಮೇಲೆ ಪಾಕಿಸ್ತಾನ ಏಳು ಗೋಲು ಹಾಕಿತು. ಸೋಲಿನ ಹೊಣೆಯೆಲ್ಲ ಗೋಲ್‌ಕೀಪರ್ ಮೀರ್ ರಂಜನ್ ನೇಗಿಯ ತಲೆಗೆ ಬಂತು, ಹಣ ಪಡೆದು ಪಂದ್ಯ ಬಿಟ್ಟುಕೊಟ್ಟ ಎಂಬ ಆಧಾರವಿಲ್ಲದ ಆರೋಪ ವರ್ಷಗಟ್ಟಲೆ ಅವರನ್ನು ಬೆನ್ನಟ್ಟಿತು. ಅದೇ ಕೂಟದಲ್ಲಿ ಭಾರತದ ವನಿತೆಯರು ಹಾಕಿಯಲ್ಲಿ ಚಿನ್ನ ಗೆದ್ದಿದ್ದರು. ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ಪಿ.ಟಿ. ಉಷಾ ಎರಡು ಬೆಳ್ಳಿ ಗೆದ್ದಿದ್ದರು. ಸಂತೋಷಕ್ಕೆ ಸರಕು ಸಾಕಷ್ಟಿತ್ತು. ಆದರೂ ಜನರ ಕೋಪ ಆ ಒಂದು ಸೋಲಿನ ಮೇಲೆಯೇ ನಿಂತದ್ದೇಕೆ? ವಿದೇಶದಲ್ಲಾದ ಸೋಲು ದುಃಖವಷ್ಟೇ. ಮನೆಯಲ್ಲಿ, ಅತಿಥಿಗಳ ಮುಂದೆ, ಅದೂ ಪಕ್ಕದ ಮನೆಯವನ ಕೈಯಲ್ಲಾದ ಸೋಲು ಅವಮಾನ. ಅವಮಾನಕ್ಕೆ ಯಾರಾದರೊಬ್ಬ ಮನುಷ್ಯ ಬೇಕು.

ಕಾಣದಂತೆ ಮಾಡಿದ್ದು

ಎಲ್ಲರೂ ನೋಡುತ್ತಿದ್ದಾರೆ ಎಂಬ ಭಾವನೆ ಬಲಿತಷ್ಟೂ ಮರೆಮಾಚುವ ಒತ್ತಡ ಹೆಚ್ಚುತ್ತದೆ. 1982ರಲ್ಲಿ ಇದರ ಎರಡು ಮುಖಗಳು ಗೋಚರಿಸಿದವು.

ಅಕಾಲಿ ದಳ ಕೂಟದ ಸಮಯದಲ್ಲಿ ದೆಹಲಿಯಲ್ಲಿ ಪ್ರತಿಭಟನೆ ನಡೆಸುವುದಾಗಿ ಘೋಷಿಸಿತ್ತು. ಭಜನ್ ಲಾಲ್ ಮುಖ್ಯಮಂತ್ರಿಯಾಗಿದ್ದ ಹರಿಯಾಣದಲ್ಲಿ ಪೊಲೀಸರು ರಾಜಧಾನಿಯ ಕಡೆ ಹೊರಟ ಸಿಖ್ಖರನ್ನು ಬಸ್ಸು, ಕಾರುಗಳಿಂದ ಇಳಿಸಿ ತಪಾಸಣೆ ಮಾಡಿದರು. ನಿವೃತ್ತ ಸೇನಾಧಿಕಾರಿಗಳಿಗೂ ವಿನಾಯಿತಿ ಸಿಗಲಿಲ್ಲ. ಪಂಜಾಬಿನ ಮುಂದಿನ ದುರಂತದ ಬಗ್ಗೆ ಬರೆದವರು ಈ ಅವಮಾನವನ್ನು ಮರೆಯದೆ ಹೆಸರಿಸುತ್ತಾರೆ. ಕ್ರೀಡೆಯ ಬಗ್ಗೆ ಬರೆದವರು ಮರೆಯುತ್ತಾರೆ, ಇದು ನಮ್ಮ ಕ್ರೀಡಾ ಸಾಹಿತ್ಯದ ದೊಡ್ಡ ಕೊರತೆ.

ಎರಡನೆಯದು ಕೂಲಿಯ ಪ್ರಶ್ನೆ. ಮೇಲ್ಸೇತುವೆ, ಕ್ರೀಡಾಂಗಣ, ಕ್ರೀಡಾಗ್ರಾಮ ಕಟ್ಟಿದವರು ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಬಂದ ವಲಸೆ ಕಾರ್ಮಿಕರು. ಮೂವರು ಸಮಾಜವಿಜ್ಞಾನಿಗಳು ಕಾಮಗಾರಿ ಸ್ಥಳಗಳಲ್ಲಿ ನಡೆಸಿದ ತನಿಖೆಯ ಆಧಾರದ ಮೇಲೆ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಸ್ಥೆ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ಸುಪ್ರೀಂ ಕೋರ್ಟ್ ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು, ಜಮಾದಾರರು ತಲೆಗೆ ಒಂದು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದರು. ಹೆಂಗಸರಿಗೆ ಸಿಗುತ್ತಿದ್ದದ್ದು 7 ರೂಪಾಯಿ ಎಂದೂ, ಹದಿನಾಲ್ಕು ತುಂಬದ ಮಕ್ಕಳೂ ಕೆಲಸದಲ್ಲಿದ್ದಾರೆ ಎಂದೂ ಅರ್ಜಿ ದೂರಿತು. ಸೆಪ್ಟೆಂಬರ್ 18ರಂದು, ಉದ್ಘಾಟನೆಗೆ ಎರಡು ತಿಂಗಳಿರುವಾಗ, ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ನ್ಯಾಯಾಲಯ ಹೇಳಿತು. ಹಸಿವು, ಬಡತನಗಳ ಒತ್ತಾಯವೂ ಬಲವಂತವೇ ಎಂಬ ನಿಲುವು ಭಾರತದ ಕಾರ್ಮಿಕ ಕಾನೂನಿಗೆ ಹೊಸ ಬಾಗಿಲು ತೆರೆಯಿತು. ನನ್ನ ದೃಷ್ಟಿಯಲ್ಲಿ ಒಂಬತ್ತನೇ ಏಷ್ಯಾಡ್ ದೇಶಕ್ಕೆ ಬಿಟ್ಟುಹೋದ ಅತ್ಯಂತ ಬೆಲೆಬಾಳುವ ಆಸ್ತಿ ಈ ತೀರ್ಪು, ಕ್ರೀಡಾಂಗಣಗಳಲ್ಲ.

2010: ಸಿಟ್ಟಿನಿಂದ ಹುಟ್ಟಿದ ಸಂಭ್ರಮ

ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ಒಂದೇ ಸರ್ಕಾರಿ ವಾಹಿನಿಯ ಕಾಲ ಮುಗಿದಿತ್ತು. ಇಪ್ಪತ್ತನಾಲ್ಕು ಗಂಟೆಯೂ ಓಡುವ ಸುದ್ದಿವಾಹಿನಿಗಳು ಸಂಭ್ರಮಕ್ಕಿಂತ ಮೊದಲು ಸಿಟ್ಟನ್ನು ಹಂಚಿದವು. ಖರೀದಿಯ ಹಗರಣಗಳು, ಸೆಪ್ಟೆಂಬರ್ 21ರಂದು ನೆಹರು ಕ್ರೀಡಾಂಗಣದ ಬಳಿ ಕುಸಿದ ಕಾಲ್ಸೇತುವೆ, ಕ್ರೀಡಾಗ್ರಾಮದ ಹಾಸಿಗೆಯ ಮೇಲೆ ನಾಯಿಯ ಹೆಜ್ಜೆ. ಆ ಹಾಸಿಗೆಯ ಚಿತ್ರ ಹೊರದೇಶಗಳಲ್ಲೂ ಪ್ರಕಟವಾಯಿತು, ನಮ್ಮವರನ್ನು ಕೆರಳಿಸಿದ್ದು ಹಗರಣಕ್ಕಿಂತ ಅದೇ. ಕೊಳೆಗೇರಿಗಳ ಮುಂದೆ ಬಿದಿರಿನ ಪರದೆಗಳು ಎದ್ದವು. ಕಾರ್ಮಿಕರ ಪರವಾಗಿ 1982ರ ಪ್ರಕರಣದ ಸಂಸ್ಥೆಯೇ ಮತ್ತೆ ಕೋರ್ಟು ಹತ್ತಿತು. ದೆಹಲಿ ಹೈಕೋರ್ಟ್ ಅರುಂಧತಿ ಘೋಷ್ ನೇತೃತ್ವದಲ್ಲಿ ನೇಮಿಸಿದ ಸಮಿತಿ ಕೂಲಿ, ಸುರಕ್ಷತೆಗಳ ಉಲ್ಲಂಘನೆಯನ್ನು ದಾಖಲಿಸಿತು. 28 ವರ್ಷಗಳಲ್ಲಿ ಬದಲಾದದ್ದು ಕಡಿಮೆ.

ಅಕ್ಟೋಬರ್ 3ರ ಉದ್ಘಾಟನೆಯಲ್ಲಿ ಸಂಘಟನಾ ಸಮಿತಿಯ ಅಧ್ಯಕ್ಷ ಸುರೇಶ್ ಕಲ್ಮಾಡಿ ಮಾತಿಗೆ ನಿಂತಾಗ ಪ್ರೇಕ್ಷಕರು ಕೂಗಿ ಅಣಕಿಸಿದರು, ನೃತ್ಯ ವಾದ್ಯಗಳಿಗೆ ಅದೇ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಸಂಘಟಕರನ್ನು ತಿರಸ್ಕರಿಸಿ ಕೂಟವನ್ನು ತಮ್ಮದಾಗಿಸಿಕೊಂಡ ಗಳಿಗೆ ಅದು. ಅಲ್ಲಿಂದ ಮುಂದೆ ಉತ್ಸಾಹ ದಿನದಿನಕ್ಕೂ ಏರಿತು. ಅಕ್ಟೋಬರ್ 12ರ ರಾತ್ರಿ ವನಿತೆಯರ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ ಒಬ್ಬರು. ಕೊನೆಯ ದಿನ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೊತೆ ಚಿನ್ನ ಗೆದ್ದರು. ಸೈನಾ ನೆಹ್ವಾಲ್ ಗೆದ್ದ 38ನೇ ಚಿನ್ನ ಇಂಗ್ಲೆಂಡನ್ನು ಹಿಂದಿಕ್ಕಿ ಭಾರತವನ್ನು ಎರಡನೇ ಸ್ಥಾನಕ್ಕೆ ತಂದಿತು.

ಅದೇ ದಿನ, ಧ್ಯಾನ್‌ಚಂದ್ ಹೆಸರು ಹೊತ್ತ ನ್ಯಾಷನಲ್ ಸ್ಟೇಡಿಯಂನಲ್ಲಿ, ಹಾಕಿ ಫೈನಲ್ ನಡೆಯಿತು. ಆಸ್ಟ್ರೇಲಿಯಾ 8-0ಯಿಂದ ಗೆದ್ದಿತು. 1982ಕ್ಕಿಂತ ದೊಡ್ಡ ಸೋಲು, ಅದೇ ನೆಲ, ಆದರೆ ಈ ಸಲ ಯಾವ ಗೋಲ್‌ಕೀಪರನ ಮೇಲೂ ದೇಶದ್ರೋಹದ ಆರೋಪ ಬರಲಿಲ್ಲ. ಕಾರಣ ನಾಲ್ಕು ದಿನಗಳ ಹಿಂದೆ ಅದೇ ಮೈದಾನದಲ್ಲಿ ಸಿಕ್ಕಿತ್ತು. ಗುಂಪು ಹಂತದಲ್ಲಿ ಭಾರತ ಪಾಕಿಸ್ತಾನವನ್ನು 7-4ರಿಂದ ಸೋಲಿಸಿತ್ತು. ಅಲ್ಲಿಗೆ ಮನೆಯ ಮಾನ ಉಳಿದಂತಾಗಿತ್ತು. ಗೆಲುವು ಸೋಲುಗಳ ಲೆಕ್ಕಕ್ಕಿಂತ, ಯಾರ ಮುಂದೆ ಎಂಬ ಪ್ರಶ್ನೆಯೇ ಆತಿಥೇಯರ ಭಾವನೆಯನ್ನು ಆಳುತ್ತದೆ ಎಂಬುದಕ್ಕೆ ಈ ಎರಡು ಫೈನಲ್‌ಗಳ ನಡುವಣ ವ್ಯತ್ಯಾಸಕ್ಕಿಂತ ಬಲವಾದ ಸಾಕ್ಷಿ ನನಗೆ ಕಂಡಿಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಇದೆಲ್ಲ ಮೇಲಿನವರು ಕಟ್ಟಿದ ನಾಟಕ, ಜನರ ಉತ್ಸಾಹವೂ ಅದರ ಭಾಗ ಎಂದು ತಳ್ಳಿಹಾಕಬಹುದಲ್ಲ? ಕಲ್ಮಾಡಿಯನ್ನು ಅಣಕಿಸಿದ ಪ್ರೇಕ್ಷಕರು ಈ ವಾದಕ್ಕೆ ಉತ್ತರ. ಸಂಭ್ರಮವನ್ನು ಸರ್ಕಾರ ಆಹ್ವಾನಿಸಬಹುದು, ಅದು ಯಾರ ಪರ ಎಂದು ನಿರ್ಧರಿಸಲಾಗದು. ಅದೇ ಮಾತು ಕಾರ್ಮಿಕರ ವಿಷಯಕ್ಕೂ ಸಲ್ಲುತ್ತದೆ. ಕೂಟದ ಬಗ್ಗೆ ಹೆಮ್ಮೆಪಡುವ ಹಕ್ಕು ಇರುವವರಿಗೆ ಅದನ್ನು ಕಟ್ಟಿದವರ ಕೂಲಿ ಕೇಳುವ ಹಕ್ಕೂ ಇದೆ. ಇವೆರಡೂ ಒಂದೇ ಬಾಯಿಂದ ಬಂದದ್ದು ಮಾತ್ರ ಅಪರೂಪ.

2025ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಸೇರಿದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಸಭೆ 2030ರ ಕಾಮನ್‌ವೆಲ್ತ್ ಕೂಟವನ್ನು ಅಹಮದಾಬಾದಿಗೆ ವಹಿಸಿದೆ. 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆಯನ್ನೂ ಭಾರತ ಲಿಖಿತವಾಗಿ ತಿಳಿಸಿದೆ. ಕನ್ನಡದ ಸಂಶೋಧಕರು ಅಷ್ಟರೊಳಗೆ ಮಾಡಬೇಕಾದ ಕೆಲಸ ಒಂದಿದೆ. 1982ರಲ್ಲಿ ಚಾಪೆಯ ಮೇಲೆ ಕೂತು ನೋಡಿದವರ ನೆನಪುಗಳನ್ನೂ, ಆ ದಿನಗಳ ಕನ್ನಡ ಪತ್ರಿಕೆಗಳ ವಾಚಕರ ಪತ್ರಗಳನ್ನೂ ಊರೂರಿನಿಂದ ಸಂಗ್ರಹಿಸಬೇಕು. ಅಂದು ಮನೆಯ ಯಜಮಾನರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಇನ್ನು ಅಹಮದಾಬಾದಿನಲ್ಲಿ ಕ್ರೀಡಾಂಗಣ ಕಟ್ಟುವ ಗುತ್ತಿಗೆದಾರರಿಗೆ ಸಂಬಂಧಿಸಿದಂತೆ ಹೇಳುವುದಾದರೆ, 1982ರ ಸೆಪ್ಟೆಂಬರ್ 18ರ ತೀರ್ಪು ಇಂದಿಗೂ ಜಾರಿಯಲ್ಲಿರುವ ಕಾನೂನು.