ಗಾಡಿಗೆ ಹಾಡು ಬಂದ ಬಗೆ, ಅದರ ಕರೆಂಟಿನ ಕಾಯಿಲೆಗಳು

ಕೊಯಮತ್ತೂರು ಅಂದರೆ ಮಿಲ್ಲು, ಮೋಟಾರು, ಪಂಪ್‌ಸೆಟ್ಟು. ತಿರುಪ್ಪೂರು ಅಂದರೆ ಬನಿಯನ್ನು. ಇದು ಎಲ್ಲರಿಗೂ ಗೊತ್ತು. ಈ ಸೀಮೆಯಲ್ಲಿ ಗಾಡಿಯ ಮೇಲೆ ಹಾಡು ಹೇಗೆ ಬಂತು, ಅದು ಕೆಟ್ಟಾಗ ನಮ್ಮವರು ಹೇಗೆ ಸರಿಮಾಡಿಕೊಂಡರು ಅನ್ನೋದನ್ನು ಬರೆಯಿರಿ ಅಂತ ವಾಚನಾಲಯದ ಮಾಸ್ತರು ಹೇಳಿದರು. ನಾನು ಓದಿದ್ದು ತಾಳವಾಡಿ ಕಡೆ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು. ಕಸುಬು ಬೇಸಾಯ, ಜೊತೆಗೆ ಪದ ಹಾಡೋದು. ನಲವತ್ತು ವರ್ಷ ಮೇಳ ಕಟ್ಟಿಕೊಂಡು ಮೈಕ್‌ಸೆಟ್ ಗಾಡಿಗಳ ಹಿಂದೆ ತಿರುಗಿದ್ದೇನೆ.

1956ರ ನವೆಂಬರ್ 1ಕ್ಕೆ ಮೊದಲು ಕೊಳ್ಳೇಗಾಲ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮಾದಪ್ಪನ ಬೆಟ್ಟಾನೂ ಅದರೊಳಗೇ. ಹಾಗಾಗಿ ಮಾದಪ್ಪನ ಪದ, ಕಂಸಾಳೆ ನಮ್ಮ ಕಡೆಯ ಕನ್ನಡದ ಮನೆಗಳಿಗೆ ಹೊರಗಿನವಲ್ಲ. ಒಕ್ಕಲಿಗರು, ದೇವಾಂಗದವರು, ಕುರುಬರು ಮನೇಲಿ ಕನ್ನಡ, ಸಂತೇಲಿ ತಮಿಳು ಆಡಿಕೊಂಡು ಬಂದವರು. ಓದುಬರಹ ತಮಿಳಲ್ಲೇ ಆದ ಮೇಲೆ ಎಷ್ಟೋ ಮಕ್ಕಳಿಗೆ ಕನ್ನಡ ಉಳಿದದ್ದು ಕಿವಿಯಲ್ಲಿ ಮಾತ್ರ. ಅದಕ್ಕೇ ಹಬ್ಬದ ರಾತ್ರಿ ಮೈಕ್ ನಿಂತರೆ ನಮಗೆ ಅದು ಸಣ್ಣ ಸಂಗತಿ ಆಗಿರಲಿಲ್ಲ.

1930ರ ದಶಕದ ಮೊದಲಲ್ಲಿ ನೀಲಗಿರಿಯ ಪೈಕಾರದಿಂದ ಕೊಯಮತ್ತೂರಿಗೆ ಕರೆಂಟು ಇಳಿಯಿತು. ಮಿಲ್ಲುಗಳು ಬೆಳೆದವು, ಬಾವಿಗಳಿಗೆ ಪಂಪು ಬಂತು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಬಾಲಸುಂದರಂ ನಾಯ್ಡು ಇಲ್ಲೇ ಸ್ವದೇಶಿ ಕರೆಂಟ್ ಮೋಟಾರು ಮಾಡಿದರು. ಜಿ.ಡಿ. ನಾಯ್ಡು ಬಸ್ಸು ಓಡಿಸಿ ಮೇಲೆ ಬಂದವರು. ಮೋಟಾರು ಸುತ್ತೋ ಕೈ, ಡೈನಮೊ ಬಿಚ್ಚೋ ಕೈ ಈ ಊರಲ್ಲಿ ಹೀಗೆ ಬೆಳೆದವು. ಅದೇ ಕೈಗಳು ಮುಂದೆ ಗಾಡಿಯ ರೇಡಿಯೋವನ್ನೂ ಬಿಚ್ಚಿದವು.

ಕಾರಿನ ರೇಡಿಯೋ ಹುಟ್ಟಿದ್ದು ಅಮೆರಿಕದಲ್ಲಿ. 1930ರಲ್ಲಿ ಚಿಕಾಗೋದ ಪಾಲ್ ಗಾಲ್ವಿನ್ ಎಂಬವರ ಕಂಪನಿ ಮೋಟೊರೋಲಾ ಅನ್ನೋ ಹೆಸರಿಟ್ಟು ಕಾರಿನ ರೇಡಿಯೋ ಮಾರಿತು. ಆ ಕಾಲದ ರೇಡಿಯೋ ವಾಲ್ವಿನದು. ವಾಲ್ವಿಗೆ ನೂರು ಇನ್ನೂರು ವೋಲ್ಟು ಬೇಕು, ಕಾರಿನ ಬ್ಯಾಟರಿ ಕೊಡೋದು 6 ಇಲ್ಲವೇ 12 ವೋಲ್ಟು. ಅದಕ್ಕೆ ವೈಬ್ರೇಟರ್ ಅಂತ ಒಂದು ಡಬ್ಬಿ ಇಟ್ಟರು. ಅದರೊಳಗಿನ ಸಣ್ಣ ಎಲೆ ಜೀರುಂಡೆಯಂತೆ ಅದುರಿ ಕರೆಂಟನ್ನು ತುಂಡು ತುಂಡು ಮಾಡೋದು. ಆಮೇಲೆ ಟ್ರಾನ್ಸ್‌ಫಾರ್ಮರು ಅದನ್ನು ಏರಿಸೋದು. ಎಲೆಯ ಮುಖ ಸುಟ್ಟು ಅಂಟಿಕೊಂಡರೆ ಫ್ಯೂಸು ಹೋಗೋದು. ಹಳೇ ಮೇಸ್ತ್ರಿಗಳು ಮೊದಲು ಆ ಗುಂಯ್ ಸದ್ದಿದೆಯೇ ಅಂತ ಕಿವಿಗೊಡುತ್ತಿದ್ದರು. ಸದ್ದಿಲ್ಲದಿದ್ದರೆ ಕಾಯಿಲೆ ಅಲ್ಲೇ ಅಥವಾ ಅದಕ್ಕೂ ಹಿಂದೆ.

ಇಂಜಿನ್ನಿನ ಪ್ಲಗ್ಗು ಕಿಡಿ ಹಾರಿಸಿದಾಗೆಲ್ಲ ರೇಡಿಯೋದಲ್ಲಿ ಟಿಕ್ ಟಿಕ್ ಅನ್ನೋದು ಇನ್ನೊಂದು ಕಾಟ. ಅದಕ್ಕೆ ಪ್ಲಗ್ಗಿನ ತಂತಿಗೆ ರೆಸಿಸ್ಟರು, ಡೈನಮೊಗೆ ಕಂಡೆನ್ಸರು ಹಾಕಿದರು. ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿ ಬಾಡಿಗೆ ಸೇರಿರುತ್ತಿತ್ತು. ಆಮೇಲಿನ ಗಾಡಿಗಳಲ್ಲಿ ನೆಗೆಟಿವ್. ಇದನ್ನು ನೋಡದೆ ಟ್ರಾನ್ಸಿಸ್ಟರ್ ಸೆಟ್ಟು ಕೂರಿಸಿದರೆ ಒಂದೇ ಗಳಿಗೆಯಲ್ಲಿ ಸೆಟ್ಟು ಸುಡೋದು.

ನಮ್ಮ ಹಳ್ಳಿಗಳಿಗೆ ಗಾಡಿಯ ಹಾಡು ರೇಡಿಯೋದಿಂದ ಬರಲಿಲ್ಲ, ಚುನಾವಣೆಯಿಂದ ಬಂತು. 1967ರ ಚುನಾವಣೆ ನಡೆದಾಗ ನಾನಿನ್ನೂ ಹುಡುಗ. ಕಾರಿನ ತಲೆಯ ಮೇಲೆ ಎರಡು ಹಾರನ್ನು ಕಟ್ಟಿಕೊಂಡು ಭಾಷಣ ಮಾಡುತ್ತಾ ಬರೋರು, ನಾವು ಧೂಳಿನಲ್ಲಿ ಹಿಂದೆ ಓಡೋವು. ಚುನಾವಣೆ ಮುಗಿದ ಮೇಲೆ ಅವೇ ಸೆಟ್ಟುಗಳು ಮದುವೆಗೆ, ಮಾರಿಹಬ್ಬಕ್ಕೆ, ಆಮೇಲೆ ನಮ್ಮ ಮೇಳಕ್ಕೆ ಬಂದವು.

ಇಲ್ಲಿ ಶಾಲೆಯ ಮಕ್ಕಳಿಗೆ ಹೇಳಬೇಕಾದ ಒಂದು ಲೆಕ್ಕವಿದೆ. 120 ವಾಟ್ ಎಳೆಯೋ ಸೆಟ್ಟಿಗೆ ಮನೆಯ 230 ವೋಲ್ಟಿನಲ್ಲಾದರೆ ಅರ್ಧ ಆಂಪಿಯರ್ ಸಾಕು. ಅದನ್ನೇ 12 ವೋಲ್ಟಿನ ಬ್ಯಾಟರಿಯಿಂದ ಓಡಿಸಿದರೆ 10 ಆಂಪಿಯರ್ ಬೇಕು, ಇಪ್ಪತ್ತು ಪಟ್ಟು. ತಂತಿಯಲ್ಲೋ ಜಾಯಿಂಟಿನಲ್ಲೋ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಇದ್ದರೂ ಒಂದು ವೋಲ್ಟು ಅಲ್ಲೇ ಶಾಖವಾಗಿ ಹೋಗುತ್ತೆ. ಮನೆಯ ಬಲ್ಬಿನ ಸಣ್ಣ ತಂತಿ ಗಾಡಿಯ ಸೆಟ್ಟಿಗೆ ಆಗೋದಿಲ್ಲ ಅನ್ನೋದು ಈ ಕಾರಣಕ್ಕೆ.

ಈ ಲೆಕ್ಕದ ಬೆಲೆ ನಮಗೆ ತಿಳಿದದ್ದು 1980ರ ದಶಕದ ಒಂದು ಹಬ್ಬದಲ್ಲಿ. ಬಾಡಿಗೆಗೆ ಬಂದ ಗಾಡಿಯಲ್ಲಿ ಫ್ಯೂಸು ಪದೇ ಪದೇ ಹೋಗುತ್ತೆ ಅಂತ ಯಾರೋ ಅಂಗಡಿಯವರು ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಮೆರವಣಿಗೆ ಅರ್ಧ ದಾರಿ ಹೋಗಿತ್ತು. ಸೀಟಿನ ಕೆಳಗೆ ತಂತಿಯ ತೊಗಲು ಉಜ್ಜಿಹೋಗಿ ಬಾಡಿಗೆ ತಾಗಿತು. ಫ್ಯೂಸು ಇದ್ದಿದ್ದರೆ ಅದು ಹೋಗಿ ಹಾಡು ನಿಲ್ಲೋದು, ಅಷ್ಟೇ. ಅದಿಲ್ಲದ್ದಕ್ಕೆ ತಂತಿ ಕೆಂಡವಾಗಿ ಸೀಟು ಹತ್ತಿಕೊಂಡಿತು. ನಮ್ಮ ಮೇಳದವನೊಬ್ಬ ಬರಿಗೈಲಿ ತಂತಿ ಕಿತ್ತ. ಡ್ರೈವರಣ್ಣ "ಬ್ಯಾಟ್ರಿ ಬಿಡಿಸ್ರಪ್ಪಾ ಮೊದ್ಲು" ಅಂತ ಕೂಗಿಕೊಂಡು ಬಾನೆಟ್ಟು ಎತ್ತೋ ಹೊತ್ತಿಗೆ ಅವನ ಬಲಗೈ ಸುಟ್ಟಿತ್ತು. ಎರಡು ಬೆರಳು ಮತ್ತೆ ಮಡಚಲಿಲ್ಲ, ಕಂಸಾಳೆ ಮತ್ತೆ ಬೀಸಲಿಲ್ಲ. ಅಂಥ ಬೀಸು ನಮ್ಮ ಮೇಳಕ್ಕೆ ಇನ್ನೊಂದು ಸಿಕ್ಕಲಿಲ್ಲ.

1963ರಲ್ಲಿ ಫಿಲಿಪ್ಸ್ ಕಂಪನಿ ತಂದ ಕ್ಯಾಸೆಟ್ಟು ನಮ್ಮೂರ ಗಾಡಿಗಳಿಗೆ ಬಂದು ಸೇರೋಕೆ ಇಪ್ಪತ್ತು ವರ್ಷ ಹಿಡಿಯಿತು. ಆಗ ಮಾದಪ್ಪನ ಪದ ಲಾರಿಯಲ್ಲೂ ಕೇಳಿತು. ಅಷ್ಟು ಹೊತ್ತಿಗೆ ಡೈನಮೊ ಹೋಗಿ ಆಲ್ಟರ್ನೇಟರ್ ಬರುತ್ತಿತ್ತು, ಜೊತೆಗೆ ಹೊಸ ಕಾಯಿಲೆಯೂ ಬಂತು. ಇಂಜಿನ್ ಏರಿಸಿದಂತೆ ಸ್ಪೀಕರಿನಲ್ಲಿ ಕುಂಯ್ ಅಂತ ಶ್ರುತಿ ಏರುತ್ತೆ, ಇಳಿಸಿದರೆ ಇಳಿಯುತ್ತೆ. ಸೆಟ್ಟು ಒಂದು ಕಡೆ, ಆಂಪ್ಲಿಫೈಯರು ಇನ್ನೊಂದು ಕಡೆ ಬಾಡಿಗೆ ಅರ್ತು ಹಿಡಿದಿದ್ದರೆ ಹೀಗಾಗೋದು ಹೆಚ್ಚು. ಬಣ್ಣ ಕೆರೆದು, ತಗಡು ಹೊಳೆಯೋ ಹಾಗೆ ಮಾಡಿ, ಎರಡನ್ನೂ ಒಂದೇ ಬೋಲ್ಟಿಗೆ ಬಿಗಿದರೆ ಬಹಳ ಸಲ ನಿಲ್ಲುತ್ತೆ.

ಈಗಿನ ಹುಡುಗರು ತಾವೇ ಸೆಟ್ಟು ಕೂರಿಸುತ್ತಾರೆ. ಅವರಿಗಾಗಿ ನಮ್ಮ ಮೇಸ್ತ್ರಿಗಳ ಕ್ರಮ ಬರೆದಿಡುತ್ತೇನೆ.

ಸೆಟ್ಟು ಸತ್ತಿದ್ದರೆ ಮೊದಲು ಫ್ಯೂಸು ನೋಡಿ. ಹೋಗಿದ್ದರೆ ಅದೇ ಅಳತೆಯದನ್ನೇ ಹಾಕಿ, ಸಿಗರೇಟಿನ ಬೇಗಡೆ ಕಾಗದ ಸುತ್ತಬೇಡಿ. ಮತ್ತೆ ಹೋದರೆ ಒಂದೊಂದೇ ತಂತಿ ಬಿಡಿಸುತ್ತಾ ಬನ್ನಿ. ಯಾವುದನ್ನು ಬಿಡಿಸಿದಾಗ ಫ್ಯೂಸು ಉಳಿಯುತ್ತೋ ತಪ್ಪು ಅದರಲ್ಲಿದೆ.

ಆಮೇಲೆ ಬ್ಯಾಟರಿ. ಇಂಜಿನ್ ನಿಂತಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಬೇಕು, ಓಡುವಾಗ 14ರ ಆಸುಪಾಸು. ಓಡುವಾಗಲೂ ಏರದಿದ್ದರೆ ಕಾಯಿಲೆ ಚಾರ್ಜಿನದು, ಸೆಟ್ಟನ್ನು ಬೈಯಬೇಡಿ.

ಮೂರನೆಯದು ಅರ್ತು. ಸೆಟ್ಟು ಜೋರಾಗಿ ಹಾಡುವಾಗ ಬ್ಯಾಟರಿಯ ನೆಗೆಟಿವ್‌ಗೂ ಸೆಟ್ಟಿನ ಕಪ್ಪು ತಂತಿಗೂ ಮೀಟರ್ ಹಿಡಿಯಿರಿ. ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಅರ್ಧ ವೋಲ್ಟು ತೋರಿದರೆ ಜಾಯಿಂಟು ತುಕ್ಕು ಹಿಡಿದಿದೆ.

ಸಾಮಾನ್ಯವಾಗಿ ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟಿಗೆ. ಎರಡನ್ನೂ ಬ್ಯಾಟರಿಗೇ ಸೇರಿಸಿದರೆ ಬೆಳಗಾಗೋದರೊಳಗೆ ಬ್ಯಾಟರಿ ಬತ್ತಬಹುದು. ಅದಲುಬದಲಾದರೆ ಕೀ ತೆಗೆದಾಗೆಲ್ಲ ಸೆಟ್ಟು ತನ್ನ ನೆನಪು ಕಳಕೊಳ್ಳುತ್ತೆ. ಸ್ಪೀಕರಿನ ಎರಡು ತಂತಿಯಲ್ಲಿ ಯಾವುದೂ ಬಾಡಿಗೆ ತಾಗಬಾರದು. ಸ್ಪೀಕರ್ ಮೇಲೆ ಅನುಮಾನವಿದ್ದರೆ ಸೆಟ್ಟಿನಿಂದ ಬಿಡಿಸಿ, ಒಂದು ಟಾರ್ಚ್ ಸೆಲ್ಲು ಮುಟ್ಟಿಸಿ ತೆಗೆಯಿರಿ. ಟಕ್ ಅಂದರೆ ಅದರ ಸುರುಳಿ ಕಡಿದಿಲ್ಲ.

ಯಾವ ತಂತಿ ಮುಟ್ಟೋಕೂ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸ್ಪ್ಯಾನರು ಬಾಡಿಗೆ ತಾಗಿದರೂ ಆಗ ಕಿಡಿ ಹಾರೋದಿಲ್ಲ. ಮೀಟರ್ ಹಿಡಿಯೋವಾಗ ಮಾತ್ರ ಕರೆಂಟು ಬೇಕು.

2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಇಡೀ ರಾತ್ರಿಯ ಕಥೆ ಗಾಡಿಯ ಮೇಲಿಂದ ಹೋಯಿತು. ಈಗ ನಮ್ಮ ಮೊಮ್ಮಕ್ಕಳು ಅದೇ ಕಥೆಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಕಾರಿನ ಗಾಜು ಏರಿಸಿ ಕೇಳುತ್ತಾರೆ. ಕನ್ನಡ ಅಕ್ಷರ ಬಾರದ ಮಗುವೂ ಹಿಂದಿನ ಸೀಟಿನಲ್ಲಿ ಕೂತು ಸೊಲ್ಲು ಸೇರಿಸುತ್ತೆ. ಆ ಸೀಟಿನ ಕೆಳಗೆ ಹೋಗುವ ತಂತಿಗೆ ಸರಿಯಾದ ಫ್ಯೂಸು ಇರಲಿ.