ಗೆಳೆಯನ ಆಸ್ಪತ್ರೆ ಬಿಲ್ಲಿಗೆ ಹಣ ಕೂಡಿಸುವ ಮುನ್ನ

ನಮ್ಮ ಹಳ್ಳಿಗಳ ಮದುವೆಗಳಲ್ಲಿ ಮುಯ್ಯಿ ಬರೆಯುವ ಪದ್ಧತಿಯಿತ್ತು. ಕೆಲವೆಡೆ ಇಂದಿಗೂ ಇದೆ. ಚಪ್ಪರದ ಮೂಲೆಯಲ್ಲಿ ಕುಳಿತವರೊಬ್ಬರು ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಟ ನೋಡಿ ಹಿಂದಿರುಗಿಸುತ್ತಿದ್ದರು. ಕಾಯಿಲೆಗೆ ಕೂಡಿಸುವ ಹಣಕ್ಕೆ ಅಂಥ ಪುಸ್ತಕವಿಲ್ಲ. ಅದು ತೀರಿಸಲಾಗದ ಮುಯ್ಯಿ. ಪಡೆಯುವವರ ಮನಸ್ಸಿನ ಮೇಲೆ ಅದರ ಭಾರ ಬಹುಕಾಲ ಉಳಿಯುತ್ತದೆ. ಹೀಗಿರುವಾಗ ಕೂಡಿಸಿದ ಪ್ರತಿ ಡಾಲರ್ ಸರಿಯಾದ ಕಡೆಗೇ ಹೋಗಬೇಕು. ಅಮೆರಿಕದಲ್ಲಿ ಅದು ಅಂದುಕೊಂಡಷ್ಟು ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬನಿಗೆ ರಕ್ತದ ಕ್ಯಾನ್ಸರ್ ಬಂದಿತು. ನಾವು ಹತ್ತಾರು ಕುಟುಂಬಗಳವರು ಸೇರಿ ಎರಡೇ ವಾರಗಳಲ್ಲಿ ಹಣ ಕೂಡಿಸಿದೆವು. ಬಂದ ಬಿಲ್ಲುಗಳನ್ನು ಬಂದಂತೆಯೇ ಪಾವತಿ ಮಾಡಿದೆವು. ವರ್ಷ ಕಳೆದ ಮೇಲೆ ಬೇರೊಂದು ಕೆಲಸಕ್ಕೆಂದು ಭೇಟಿಯಾದ ಸಮಾಜಕಾರ್ಯಕರ್ತೆಯೊಬ್ಬರು, ಸಂಬಳ ನಿಂತುಹೋಗಿದ್ದ ಆ ಕುಟುಂಬಕ್ಕೆ ಆಸ್ಪತ್ರೆಯ ನೆರವಿನ ನಿಯಮದಡಿ ಬಿಲ್ಲಿನ ಬಹುಭಾಗ ಮನ್ನಾ ಆಗುತ್ತಿತ್ತು ಎಂದರು. ಅರ್ಜಿಯ ಅವಧಿ ಅಷ್ಟರಲ್ಲಿ ಮುಗಿದಿತ್ತು. ವೈದ್ಯನಾಗಿದ್ದೂ ನನಗಿದು ತಿಳಿದಿರಲಿಲ್ಲ. ರಕ್ತದ ವರದಿ ಓದುವುದನ್ನು ಕಲಿಸಿದ ನನ್ನ ಗುರುಗಳಾರೂ ಬಿಲ್ಲು ಓದುವುದನ್ನು ಕಲಿಸಲಿಲ್ಲ.

ಆ ನಿಯಮವನ್ನು ಮೊದಲು ಹೇಳಿಬಿಡುತ್ತೇನೆ. ತೆರಿಗೆ ವಿನಾಯಿತಿ ಪಡೆದ ಲಾಭರಹಿತ ಆಸ್ಪತ್ರೆಗಳು ಲಿಖಿತ ಆರ್ಥಿಕ ನೆರವಿನ ನೀತಿಯನ್ನು ಹೊಂದಿರಲೇಬೇಕೆಂದು 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ವಿಧಿಸಿತು. ತೆರಿಗೆ ಸಂಹಿತೆಯಲ್ಲಿ ಇದು 501(ಆರ್) ವಿಧಿ. ಬಿಡುಗಡೆಯ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಆಸ್ಪತ್ರೆ ಅರ್ಜಿಯನ್ನು ಸ್ವೀಕರಿಸಬೇಕು. ಮೊದಲ 120 ದಿನ ಮೊಕದ್ದಮೆ, ಸಂಬಳ ಜಪ್ತಿ, ಕ್ರೆಡಿಟ್ ಸಂಸ್ಥೆಗಳಿಗೆ ದೂರು ಮುಂತಾದ ಕಠಿಣ ಕ್ರಮಗಳನ್ನು ಕೈಗೊಳ್ಳುವಂತಿಲ್ಲ. ನೆರವಿಗೆ ಅರ್ಹರಾದವರಿಂದ, ವಿಮೆಯುಳ್ಳವರಿಗೆ ಸಾಮಾನ್ಯವಾಗಿ ವಿಧಿಸುವ ಮೊತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆದಾಯದ ಮಿತಿ ಎಷ್ಟೆಂಬುದನ್ನು ಆಯಾ ಆಸ್ಪತ್ರೆಯೇ ನಿರ್ಧರಿಸುತ್ತದೆ. ವಿಮೆಯಿರುವವರನ್ನೂ ಸೇರಿಸಿಕೊಳ್ಳುವ ಆಸ್ಪತ್ರೆಗಳುಂಟು. ಸಾಫ್ಟ್‌ವೇರ್ ಉದ್ಯೋಗಿಗೆ ದಾನದ ಅರ್ಜಿಯೇ ಎಂದು ನಮ್ಮವರು ಮುಜುಗರಪಡುತ್ತಾರೆ. ನೆರೆಹೊರೆಯವರ ಮುಂದೆ ಕೈಯೊಡ್ಡುವುದಕ್ಕಿಂತ ಆ ಅರ್ಜಿ ತುಂಬುವುದು ಹೆಚ್ಚು ಗೌರವದ ಕೆಲಸವೆಂದೇ ನನ್ನ ಅಭಿಪ್ರಾಯ.

ಇನ್ನು ಬಿಲ್ಲಿನ ವಿಚಾರ. ಒಂದೇ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ, ಶಸ್ತ್ರವೈದ್ಯ, ಅರಿವಳಿಕೆ ತಜ್ಞ, ರೇಡಿಯಾಲಜಿ ವಿಭಾಗ, ಆಂಬುಲೆನ್ಸ್ ಹೀಗೆ ಬೇರೆಬೇರೆ ಬಿಲ್ಲುಗಳು ಬರುತ್ತವೆ. ವಿಮಾ ಕಂಪನಿ ಕಳಿಸುವ ವಿವರಣಾ ಪತ್ರದ ಮೇಲೆ 'ಇದು ಬಿಲ್ಲಲ್ಲ' ಎಂದು ಬರೆದಿದ್ದರೂ ಗಾಬರಿಯಲ್ಲಿ ಅದನ್ನೇ ಬಿಲ್ಲೆಂದು ಭಾವಿಸಿದವರನ್ನು ಕಂಡಿದ್ದೇನೆ. ಬಿಲ್ಲಿನ ಮೊತ್ತವನ್ನು ಆ ಪತ್ರದಲ್ಲಿ ತೋರಿಸಿದ ರೋಗಿಯ ಪಾಲಿನೊಂದಿಗೆ ತಾಳೆ ನೋಡಬೇಕು. ಪ್ರತಿ ಸೇವೆಯ ಬೆಲೆಯನ್ನು ಬಿಡಿಬಿಡಿಯಾಗಿ ತೋರಿಸುವ ಬಿಲ್ಲನ್ನು ಕೇಳಿ ಪಡೆಯಬೇಕು; ಒಂದೇ ಪರೀಕ್ಷೆ ಎರಡು ಸಲ ನಮೂದಾಗಿರುವುದು ಅಪರೂಪವೇನಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆ್ಯಕ್ಟ್ ಪ್ರಕಾರ ತುರ್ತು ಚಿಕಿತ್ಸೆ ನೀಡಿದವರು ವಿಮೆಯ ಜಾಲದ ಹೊರಗಿನವರೆಂಬ ಕಾರಣಕ್ಕೆ ರೋಗಿಯಿಂದ ಹೆಚ್ಚುವರಿ ಹಣ ಕೇಳುವಂತಿಲ್ಲ. ಹೆಲಿಕಾಪ್ಟರ್ ಆಂಬುಲೆನ್ಸಿಗೂ ಈ ರಕ್ಷಣೆಯಿದೆ. ರಸ್ತೆಯ ಮೇಲೆ ಓಡುವ ಆಂಬುಲೆನ್ಸನ್ನು ಮಾತ್ರ ಕೇಂದ್ರದ ಈ ಕಾಯಿದೆ ಹೊರಗಿಟ್ಟಿದೆ!

ವಿಮೆಯಿದ್ದವರ ಖರ್ಚಿಗೊಂದು ಮೇಲ್ಮಿತಿಯುಂಟು. ಬಹುತೇಕ ಯೋಜನೆಗಳಲ್ಲಿ ಜಾಲದೊಳಗಿನ ಚಿಕಿತ್ಸೆಗೆ 2025ರಲ್ಲಿ ಒಬ್ಬರಿಗೆ 9,200 ಡಾಲರ್, ಕುಟುಂಬಕ್ಕೆ 18,400 ಡಾಲರ್ ಗರಿಷ್ಠ ಮಿತಿ. ವಿಮೆ ಒಪ್ಪದ ಚಿಕಿತ್ಸೆ, ಮಾಸಿಕ ಕಂತು ಇದರಲ್ಲಿ ಸೇರುವುದಿಲ್ಲ. ಯೋಜನೆಯ ವರ್ಷ ಹೊರಳಿದೊಡನೆ ಲೆಕ್ಕ ಮತ್ತೆ ಸೊನ್ನೆಯಿಂದ ಆರಂಭ. ನವೆಂಬರಿನಲ್ಲಿ ಪತ್ತೆಯಾದ ಕ್ಯಾನ್ಸರಿಗೆ ಮಾರ್ಚಿನೊಳಗೆ ಎರಡು ವರ್ಷಗಳ ಮಿತಿಯಷ್ಟು ತೆರಬೇಕಾಗಬಹುದು. ಗುರಿಯ ಮೊತ್ತ ನಿರ್ಧರಿಸುವಾಗ ಬಿಲ್ಲಿನ ಮೇಲಿನ ಲಕ್ಷಗಳನ್ನು ನೋಡದೆ ಈ ಲೆಕ್ಕ ಹಾಕಿ.

ಎಚ್-1ಬಿ ವೀಸಾದಲ್ಲಿರುವವರ ಕಷ್ಟ ಬೇರೆಯೇ. ಕೆಲಸ ಹೋದರೆ ಹೊಸ ಉದ್ಯೋಗ ಹುಡುಕಲು ಗರಿಷ್ಠ 60 ದಿನ. ವಿಮೆಯೂ ಅದರೊಂದಿಗೇ ಹೋಗುತ್ತದೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಕೋಬ್ರಾ ಕಾಯಿದೆಯಡಿ ಹಳೆಯ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು. ಕಂತು ಪೂರ್ತಿ ತನ್ನದೇ, ಜೊತೆಗೆ ಶೇಕಡಾ 2ರವರೆಗೆ ಶುಲ್ಕ. ಚಿಕಿತ್ಸೆಯ ನಡುವೆ ಇರುವವರಿಗೆ ಸ್ನೇಹಿತರು ಕೊಡಬಹುದಾದ ಅತಿ ಉಪಯುಕ್ತ ನೆರವು ಇದೇ ಕಂತು. ಹಳೆಯ ಬಿಲ್ಲು ಕಾಯಬಲ್ಲದು. ವಿಮೆ ತಪ್ಪಿದರೆ ಮುಂದಿನ ಕೀಮೋಥೆರಪಿ ಕಾಯುವುದಿಲ್ಲ.

ಮೊಮ್ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಹೃದಯಾಘಾತವಾದರೆ 1986ರ ಎಮ್ಟಾಲಾ ಕಾಯಿದೆ ನೆರವಿಗೆ ಬರುತ್ತದೆ: ಹಣವಿರಲಿ ಬಿಡಲಿ, ತುರ್ತು ವಿಭಾಗ ಪರೀಕ್ಷಿಸಿ ಸ್ಥಿತಿಯನ್ನು ಸ್ಥಿರಗೊಳಿಸಲೇಬೇಕು. ಬಿಲ್ಲನ್ನು ಮನ್ನಾ ಮಾಡುವ ಕಾಯಿದೆ ಅದಲ್ಲ. ಪ್ರವಾಸಿ ವಿಮೆಗಳು ಮೊದಲೇ ಇದ್ದ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ನೆಪದಲ್ಲಿ ಹಿಂಜರಿಯುವುದು ಸಾಮಾನ್ಯ. ಮೇಲೆ ಹೇಳಿದ ನೆರವಿನ ಅರ್ಜಿಯನ್ನು ಇಲ್ಲಿಯೂ ಕೇಳಿ ನೋಡಬೇಕು.

ಹಣ ಕೂಡಿಸುವ ಜಾಲತಾಣಗಳಲ್ಲಿ ಗೋಫಂಡ್‌ಮಿ ಪರಿಚಿತವಾದುದು, ಆರಂಭವಾದದ್ದು 2010ರಲ್ಲಿ. ಅಲ್ಲಿ ಪ್ರತಿ ಕೊಡುಗೆಯಿಂದ ಶೇಕಡಾ 2.9 ಮತ್ತು 30 ಸೆಂಟ್ ಕಡಿತವಾಗುತ್ತದೆ. ಹಣ ಪಡೆಯುವವರೆಂದು ರೋಗಿಯನ್ನೋ ಸಂಗಾತಿಯನ್ನೋ ನಮೂದಿಸಿ. ಸಂಘಟಕನ ಖಾತೆಗೆ ಬಂದ ಹಣ ಎಷ್ಟೇ ಪ್ರಾಮಾಣಿಕನಿದ್ದರೂ ಮಾತಿಗೆ ಎಡೆಗೊಡುತ್ತದೆ. ವ್ಯಕ್ತಿಗೆ ಕೊಟ್ಟದ್ದು ಉಡುಗೊರೆ, ಅದಕ್ಕೆ ತೆರಿಗೆ ರಿಯಾಯಿತಿಯಿಲ್ಲ. ನಮ್ಮ ಕನ್ನಡ ಕೂಟದ ಮೂಲಕ ಕೊಟ್ಟರೆ ರಸೀತಿ ಸಿಗುವುದಲ್ಲವೇ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಇಂಥವರಿಗೇ ಎಂದು ಹೆಸರು ಹೇಳಿ ಕೊಟ್ಟ ಹಣಕ್ಕೆ ಕೂಟವೂ ಆ ರಸೀತಿ ಕೊಡುವಂತಿಲ್ಲ. ದೊಡ್ಡ ಮೊತ್ತ ಕೊಡುವವರು ನೇರವಾಗಿ ಆಸ್ಪತ್ರೆಗೆ ಪಾವತಿಸಿದರೆ ವಾರ್ಷಿಕ ಉಡುಗೊರೆ ಮಿತಿಯ (2025ರಲ್ಲಿ 19,000 ಡಾಲರ್) ಲೆಕ್ಕಕ್ಕೆ ಬರುವುದಿಲ್ಲ. ರೋಗಿ ಎಸ್‌ಎಸ್‌ಐ ಭತ್ಯೆ ಪಡೆಯುತ್ತಿದ್ದರೆ ಖಾತೆಗೆ ಹಣ ಹಾಕುವ ಮೊದಲು ವಕೀಲರನ್ನು ಕೇಳಿ. ಅಲ್ಲಿ ಒಬ್ಬರ ಆಸ್ತಿಯ ಮಿತಿ 2,000 ಡಾಲರ್. ನಮ್ಮ ಔದಾರ್ಯವೇ ಭತ್ಯೆಯನ್ನು ನಿಲ್ಲಿಸೀತು.

ಮನವಿಯಲ್ಲಿ ಏನು ಬರೆಯಬೇಕೆಂಬುದನ್ನು ರೋಗಿಯೇ ನಿರ್ಧರಿಸಲಿ. ಅಂತರ್ಜಾಲಕ್ಕೆ ಹೋದ ರೋಗನಿರ್ಣಯವನ್ನು ಮುಂದಿನ ಉದ್ಯೋಗದಾತನೂ ಓದಬಹುದು, ಮಗುವಿನ ಸಹಪಾಠಿಯೂ ಓದಬಹುದು. ನನ್ನ ಗೆಳೆಯ ಗುಣಮುಖನಾದ ಮೇಲೆ ಕೊಟ್ಟವರ ಪಟ್ಟಿ ಕೇಳಿದ. "ಮುಯ್ಯಿ ಪುಸ್ತಕ ಕೊಡೋ, ಒಬ್ಬೊಬ್ಬರದೇ ತೀರಿಸ್ತೀನಿ" ಅಂದ. ಹೆಸರುಗಳನ್ನು ಕೊಟ್ಟೆ, ಮೊತ್ತಗಳನ್ನು ಅಳಿಸಿ.

ಮಿಕ್ಕ ಹಣವೇನಾಗಬೇಕೆಂಬುದನ್ನು ಮನವಿಯ ಮೊದಲ ದಿನವೇ ಬರೆದಿಡಿ. ಬಿಲ್ಲಿಗಷ್ಟೇ ಎಂದು ಬರೆದರೆ ಬಾಡಿಗೆಗೆ, ಮಕ್ಕಳ ಡೇಕೇರಿಗೆ, ಆರೈಕೆಗೆಂದು ಊರಿನಿಂದ ಬರುವ ಅತ್ತೆಯ ವಿಮಾನ ಟಿಕೆಟಿಗೆ ಆ ಹಣ ಬಳಸಲು ಮನೆಯವರು ಅಳುಕುತ್ತಾರೆ. 'ಚಿಕಿತ್ಸೆ ಮತ್ತು ಮನೆಯ ಖರ್ಚಿಗೆ' ಎಂಬ ಮಾತು ಸೇರಿಸಿದರೆ ಸಾಕು.